ಅಂಗವೈಕಲ್ಯ ವೇತನದಿಂದ ನಿವೃತ್ತಿ ವೇತನಕ್ಕೆ: ಅಮೆರಿಕದ ಪದ್ಧತಿ

ಅಮೆರಿಕದಲ್ಲಿ ನೌಕರಿ ಮಾಡುವ ಬಹುತೇಕ ಎಲ್ಲರ ಸಂಬಳದಲ್ಲೂ ಸೋಷಿಯಲ್ ಸೆಕ್ಯುರಿಟಿ ಹೆಸರಿನಲ್ಲಿ ಶೇ 6.2ರಷ್ಟು ಹಣ ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಮೊತ್ತ ಸೇರಿಸುತ್ತಾರೆ. ಈ ವಂತಿಗೆಯಿಂದ ಸಿಗುವ ರಕ್ಷಣೆ ಮೂರು ಬಗೆಯದು: ಮುಪ್ಪಿನಲ್ಲಿ ನಿವೃತ್ತಿ ವೇತನ, ದುಡಿಯುವವರು ತೀರಿಕೊಂಡರೆ ಕುಟುಂಬಕ್ಕೆ ನೆರವು, ಕಾಯಿಲೆಯಿಂದಲೋ ಅಪಘಾತದಿಂದಲೋ ದುಡಿಯಲಾಗದವರಿಗೆ ಅಂಗವೈಕಲ್ಯ ವೇತನ. ಮೂರನೆಯದನ್ನು ಪಡೆಯುತ್ತಿರುವವರಿಗೆ ವಯಸ್ಸಾದಾಗ ಆ ವೇತನವೇ ನಿವೃತ್ತಿ ವೇತನವಾಗಿ ಬದಲಾಗುತ್ತದೆ. ಹಣ ನಿಂತುಹೋಗುತ್ತದೆಯೇ, ಕಡಿಮೆಯಾಗುತ್ತದೆಯೇ ಎಂಬ ಆತಂಕ ಈ ಘಟ್ಟದಲ್ಲಿ ಅನೇಕರನ್ನು ಕಾಡುತ್ತದೆ. ನಿಯಮಗಳನ್ನು ತಿಳಿದುಕೊಂಡರೆ ಆ ಆತಂಕದ ಬಹುಪಾಲು ನೀಗುತ್ತದೆ.

ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1935ರ ಆಗಸ್ಟ್ 14ರಂದು ಸೋಷಿಯಲ್ ಸೆಕ್ಯುರಿಟಿ ಕಾಯ್ದೆಗೆ ಸಹಿ ಹಾಕಿದಾಗ ಅದರಲ್ಲಿ ಅಂಗವೈಕಲ್ಯ ವೇತನ ಇರಲಿಲ್ಲ. 1954ರ ತಿದ್ದುಪಡಿ ಮೊದಲ ಹೆಜ್ಜೆ ಇಟ್ಟಿತು: ಅಂಗವೈಕಲ್ಯದಿಂದ ದುಡಿಯದೆ ಕಳೆದ ವರ್ಷಗಳು ಮುಂದಿನ ನಿವೃತ್ತಿ ವೇತನವನ್ನು ತಗ್ಗಿಸದಂತೆ ಅವನ್ನು ಲೆಕ್ಕದಿಂದ ಹೊರಗಿಟ್ಟಿತು. 1956ರಲ್ಲಿ ನಗದು ವೇತನಕ್ಕೆ ಒಪ್ಪಿಗೆ ದೊರೆಯಿತು. ಮರುವರ್ಷ ಅದು ಜಾರಿಗೆ ಬಂದಾಗ 50ರಿಂದ 64 ವರ್ಷದವರಿಗೆ ಮಾತ್ರ ಸಿಗುತ್ತಿತ್ತು. 50ರ ಮಿತಿಯನ್ನು 1960ರಲ್ಲಿ ತೆಗೆದುಹಾಕಲಾಯಿತು.

ಈ ವೇತನ ಸುಲಭವಾಗಿ ಸಿಗುವಂಥದ್ದಲ್ಲ. ಕನಿಷ್ಠ ಒಂದು ವರ್ಷ ಇರುವ, ಇಲ್ಲವೇ ಸಾವಿಗೆ ಕಾರಣವಾಗಬಹುದಾದ ಕಾಯಿಲೆಯಿಂದ ಗಣನೀಯ ದುಡಿಮೆ ಸಾಧ್ಯವಿಲ್ಲವೆಂದು ವೈದ್ಯಕೀಯ ದಾಖಲೆಗಳಿಂದ ಸಾಬೀತಾಗಬೇಕು. 31 ವರ್ಷ ದಾಟಿದವರು ಸಾಮಾನ್ಯವಾಗಿ ಹಿಂದಿನ ಹತ್ತು ವರ್ಷಗಳಲ್ಲಿ ಐದು ವರ್ಷವಾದರೂ ವಂತಿಗೆ ಕಟ್ಟಿರಬೇಕು. ಮಂಜೂರಾದ ಮೇಲೂ ನಿಗಾ ತಪ್ಪುವುದಿಲ್ಲ. ಆರೋಗ್ಯ ಸುಧಾರಿಸಿದೆಯೇ ಎಂದು ಸೋಷಿಯಲ್ ಸೆಕ್ಯುರಿಟಿ ಇಲಾಖೆ ಆಗಾಗ ಪರಿಶೀಲಿಸುತ್ತದೆ. ದುಡಿಮೆಗೂ ಮಿತಿಯಿದೆ: 2025ರಲ್ಲಿ ಅದು ತಿಂಗಳಿಗೆ 1,620 ಡಾಲರ್, ಅಂಧರಿಗೆ 2,700 ಡಾಲರ್.

ಬದಲಾವಣೆ ನಡೆಯುವುದು ಪೂರ್ಣ ನಿವೃತ್ತಿ ವಯಸ್ಸು ತಲುಪಿದ ತಿಂಗಳಲ್ಲಿ. ಮೊದಲು ಆ ವಯಸ್ಸು 65 ಇತ್ತು. 1983ರ ತಿದ್ದುಪಡಿ ಅದನ್ನು ಹಂತಹಂತವಾಗಿ ಏರಿಸಿತು. 1943ರಿಂದ 1954ರವರೆಗೆ ಹುಟ್ಟಿದವರಿಗೆ ಅದು 66 ವರ್ಷ. ಆಮೇಲೆ ಹುಟ್ಟಿದ ಪ್ರತಿ ವರ್ಷಕ್ಕೆ ಎರಡು ತಿಂಗಳಂತೆ ಏರುತ್ತ, 1960ರಲ್ಲಿ ಮತ್ತು ಅದರ ನಂತರ ಹುಟ್ಟಿದವರಿಗೆ 67 ವರ್ಷ. ಇದಕ್ಕಾಗಿ ಅರ್ಜಿ ಹಾಕಬೇಕಾಗಿಲ್ಲ, ಕಚೇರಿಗೆ ಅಲೆಯಬೇಕಾಗಿಲ್ಲ. ಅಂಗವೈಕಲ್ಯ ನಿಧಿಯಿಂದ ಬರುತ್ತಿದ್ದ ಹಣ ಅಲ್ಲಿಂದ ಮುಂದೆ ನಿವೃತ್ತಿ ನಿಧಿಯಿಂದ ಬರುತ್ತದೆ.

ಮೊತ್ತವೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಕಾರಣ ಸರಳ. ಅಂಗವೈಕಲ್ಯ ವೇತನವನ್ನು ನಿಗದಿ ಮಾಡುವಾಗಲೇ ಆ ವ್ಯಕ್ತಿ ಪೂರ್ಣ ನಿವೃತ್ತಿ ವಯಸ್ಸು ತಲುಪಿದ್ದಾರೆಂದು ಭಾವಿಸಿ ಲೆಕ್ಕ ಹಾಕಲಾಗಿರುತ್ತದೆ. 1960ರ ಮಾರ್ಚ್‌ನಲ್ಲಿ ಹುಟ್ಟಿ, 54ನೇ ವಯಸ್ಸಿನಲ್ಲಿ ಬೆನ್ನುಹುರಿಯ ಕಾಯಿಲೆಯಿಂದ ಕೆಲಸ ಬಿಟ್ಟ ಒಬ್ಬ ಮಹಿಳೆಗೆ ಈಗ ತಿಂಗಳಿಗೆ 1,800 ಡಾಲರ್ ಬರುತ್ತಿದೆ ಎಂದಿಟ್ಟುಕೊಳ್ಳೋಣ. ಬೆಲೆಯೇರಿಕೆಗೆ ತಕ್ಕಂತೆ ಪ್ರತಿವರ್ಷ ಆಗುವ ಹೊಂದಾಣಿಕೆಯನ್ನು ಬದಿಗಿಟ್ಟರೆ, 2027ರ ಮಾರ್ಚ್‌ನಿಂದ ನಿವೃತ್ತಿ ವೇತನವಾಗಿಯೂ ಅವರಿಗೆ ಅದೇ 1,800 ಡಾಲರ್ ಸಿಗುತ್ತದೆ. ಅಂಗವೈಕಲ್ಯ ವೇತನವಿಲ್ಲದೆ 62ಕ್ಕೇ ನಿವೃತ್ತಿ ವೇತನ ಆರಂಭಿಸಿದ್ದರೆ ಶೇ 30ರಷ್ಟು ಕಡಿತವಾಗಿ 1,260 ಡಾಲರ್ ಮಾತ್ರ ಬರುತ್ತಿತ್ತು, ಅದೂ ಜೀವನಪರ್ಯಂತ. ಆದ್ದರಿಂದ ಕಾಯಿಲೆಯಿಂದ ಕೆಲಸ ಬಿಡಬೇಕಾಗಿ ಬಂದವರು, 62 ತುಂಬಿತೆಂದು ನಿವೃತ್ತಿ ವೇತನಕ್ಕೆ ಕೈಚಾಚುವ ಮುನ್ನ ಅಂಗವೈಕಲ್ಯ ವೇತನಕ್ಕೆ ತಾವು ಅರ್ಹರೇ ಎಂದು ವಿಚಾರಿಸುವುದು ಮುಖ್ಯ.

ಮೊತ್ತ ಅದೇ ಆದರೂ ನಿಯಮಗಳು ಸಡಿಲಗೊಳ್ಳುತ್ತವೆ. ವೈದ್ಯಕೀಯ ಪರಿಶೀಲನೆ ಕೊನೆಗೊಳ್ಳುತ್ತದೆ. ದುಡಿಮೆಯ ಮಿತಿಯೂ ಹೋಗುತ್ತದೆ. ಎಷ್ಟು ಸಂಪಾದಿಸಿದರೂ ವೇತನಕ್ಕೆ ಕತ್ತರಿ ಬೀಳುವುದಿಲ್ಲ. ಕೆಲಸದ ಸ್ಥಳದ ಅಪಘಾತಕ್ಕೆ ಕಾರ್ಮಿಕ ಪರಿಹಾರವನ್ನೂ ಪಡೆಯುತ್ತಿದ್ದ ಕಾರಣಕ್ಕೆ ಅಂಗವೈಕಲ್ಯ ವೇತನ ಕಡಿತಗೊಂಡಿದ್ದರೆ, ಆ ಕಡಿತವೂ ಪೂರ್ಣ ನಿವೃತ್ತಿ ವಯಸ್ಸಿನಲ್ಲಿ ನಿಲ್ಲುತ್ತದೆ. ಅಂಥವರ ಕೈಗೆ ಬರುವ ಹಣ ಹೆಚ್ಚಾಗುತ್ತದೆ.

ನಷ್ಟದ ಸಾಧ್ಯತೆ ಇರುವುದು ಬೇರೆ ಕಡೆ. ಕಂಪನಿಗಳ ಮೂಲಕ ಸಿಗುವ ಖಾಸಗಿ ದೀರ್ಘಾವಧಿ ಅಂಗವೈಕಲ್ಯ ವಿಮೆ ಹಲವು ಪಾಲಿಸಿಗಳಲ್ಲಿ 65ಕ್ಕೋ ಪೂರ್ಣ ನಿವೃತ್ತಿ ವಯಸ್ಸಿಗೋ ಮುಗಿಯುತ್ತದೆ. ಸರ್ಕಾರದ ಹಣ ಯಥಾಪ್ರಕಾರ ಬಂದರೂ ವಿಮೆಯ ಹಣ ನಿಂತು ಮನೆಯ ಆದಾಯ ಒಮ್ಮೆಲೇ ಇಳಿಯಬಹುದು. ಪಾಲಿಸಿ ಮುಗಿಯುವ ದಿನವನ್ನು ಕೆಲವು ವರ್ಷ ಮೊದಲೇ ನೋಡಿಟ್ಟುಕೊಂಡರೆ ಸಿದ್ಧತೆಗೆ ಸಮಯ ಸಿಗುತ್ತದೆ.

ಆರೋಗ್ಯ ವಿಮೆಯ ಗಡುವು ಪೂರ್ಣ ನಿವೃತ್ತಿ ವಯಸ್ಸಿಗಿಂತ ಮುಂಚೆ ಬರುತ್ತದೆ. ಅಂಗವೈಕಲ್ಯ ವೇತನದ ಹಕ್ಕು ದೊರೆತು 24 ತಿಂಗಳಾದ ಮೇಲೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಾಮಾನ್ಯವಾಗಿ ತಾನಾಗಿ ಆರಂಭವಾಗುತ್ತದೆ, ಮುಂದೆಯೂ ಮುರಿಯದೆ ಸಾಗುತ್ತದೆ. 65 ತುಂಬಿದಾಗ ಇವರಿಗೆ ನೋಂದಣಿಯ ಹೊಸ ಅವಕಾಶ ಸಿಗುತ್ತದೆ. ಹಿಂದೆ ತಡವಾಗಿ ಸೇರಿದ್ದಕ್ಕೆ ಕಟ್ಟುತ್ತಿದ್ದ ದಂಡ ರದ್ದಾಗುತ್ತದೆ. ಮೆಡಿಗ್ಯಾಪ್ ಎಂಬ ಪೂರಕ ವಿಮೆಯನ್ನು ಕಾಯಿಲೆಯ ನೆಪವೊಡ್ಡಿ ಕಂಪನಿಗಳು ನಿರಾಕರಿಸಲಾಗದ ಆರು ತಿಂಗಳ ಅವಧಿಯೂ ಆಗಲೇ ಶುರುವಾಗುತ್ತದೆ. ದೀರ್ಘಕಾಲದ ಕಾಯಿಲೆ ಇರುವವರಿಗೆ ಇದು ಅಮೂಲ್ಯ ಅವಕಾಶ.

ಎಸ್‌ಎಸ್‌ಐ ಎಂಬ ಮತ್ತೊಂದು ನೆರವನ್ನು ಇದರೊಂದಿಗೆ ಬೆರೆಸಬಾರದು. 1974ರಲ್ಲಿ ಆರಂಭವಾದ ಅದು ಬಡತನವನ್ನು ಆಧರಿಸಿದ್ದು, ವಂತಿಗೆಯನ್ನಲ್ಲ. ಪಡೆಯುವವರ ಬಳಿ ಇರಬಹುದಾದ ಆಸ್ತಿಯ ಮಿತಿ ಒಬ್ಬರಿಗೆ 2,000 ಡಾಲರ್, ದಂಪತಿಗೆ 3,000 ಡಾಲರ್. ಮನೆ, ಒಂದು ವಾಹನ ಮುಂತಾದವು ಆ ಲೆಕ್ಕಕ್ಕೆ ಸೇರುವುದಿಲ್ಲ. 65 ದಾಟಿದ ಮೇಲೂ ಈ ಮಿತಿ ತಪ್ಪುವುದಿಲ್ಲ.

ಕೆಲವು ನಿರ್ಧಾರಗಳು ಮಾತ್ರ ತಾವಾಗಿ ಆಗುವುದಿಲ್ಲ. ಗಂಡ ಅಥವಾ ಹೆಂಡತಿ ತೀರಿಕೊಂಡಿದ್ದರೆ ಅವರ ಖಾತೆಯ ಮೇಲೆ ಹೆಚ್ಚಿನ ವೇತನ ಸಿಗಬಹುದು. ಅದನ್ನು ಕೇಳಿ ಅರ್ಜಿ ಹಾಕಬೇಕು. ಪೂರ್ಣ ನಿವೃತ್ತಿ ವಯಸ್ಸಿನ ನಂತರ ವೇತನವನ್ನು ಸ್ವಇಚ್ಛೆಯಿಂದ ತಡೆಹಿಡಿಸಿದರೆ 70 ವರ್ಷದವರೆಗೆ ವರ್ಷಕ್ಕೆ ಶೇ 8ರಂತೆ ಏರುತ್ತದೆ. ಮೇಲಿನ ಉದಾಹರಣೆಯ 1,800 ಡಾಲರ್ ಮೂರು ವರ್ಷಗಳಲ್ಲಿ 2,232 ಆಗುತ್ತದೆ. ಆದರೆ ಆ ಮೂರು ವರ್ಷ ಬದುಕು ಸಾಗಿಸಲು ಬೇರೆ ಆದಾಯ ಬೇಕು, ಆ ಖಾತೆಯಿಂದ ಕುಟುಂಬದವರು ಪಡೆಯುವ ಹಣವೂ ನಿಲ್ಲುತ್ತದೆ. ಆರೋಗ್ಯ ಕೆಟ್ಟವರು ಈ ದಾರಿ ಹಿಡಿಯುವ ಮುನ್ನ ಚೆನ್ನಾಗಿ ಯೋಚಿಸಬೇಕು.

ಅಮೆರಿಕದಲ್ಲಿ ನೌಕರಿಯಲ್ಲಿರುವ ಕನ್ನಡಿಗರಿಗೂ ಇದೇ ನಿಯಮಗಳು ಅನ್ವಯಿಸುತ್ತವೆ. ಎಚ್-1ಬಿ ವೀಸಾದಲ್ಲಿರುವವರೂ ವಂತಿಗೆ ಕಟ್ಟುತ್ತಾರೆ. ಆದರೆ ನಿವೃತ್ತಿ ವೇತನಕ್ಕೆ ದುಡಿಮೆಯಿಂದ ಗಳಿಸುವ 40 ಕ್ರೆಡಿಟ್ ಬೇಕು, ವರ್ಷಕ್ಕೆ ಸಿಗುವುದು ನಾಲ್ಕೇ. ಅಂದರೆ ಹತ್ತು ವರ್ಷದ ದುಡಿಮೆ ಅಗತ್ಯ. ಎರಡೂ ದೇಶಗಳ ಸೇವೆಯನ್ನು ಕೂಡಿಸಿ ಲೆಕ್ಕ ಹಾಕುವ ಒಪ್ಪಂದ ಭಾರತ ಮತ್ತು ಅಮೆರಿಕದ ನಡುವೆ ಇಲ್ಲದಿರುವುದರಿಂದ ಭಾರತದಲ್ಲಿ ದುಡಿದ ವರ್ಷಗಳು ಅಲ್ಲಿ ಗಣನೆಗೆ ಬರುವುದಿಲ್ಲ. ಮುಪ್ಪಿನಲ್ಲಿ ಊರಿಗೆ ಮರಳಿದವರ ಆಸ್ಪತ್ರೆಯ ಖರ್ಚನ್ನು ಮೆಡಿಕೇರ್ ಸಾಮಾನ್ಯವಾಗಿ ಭರಿಸುವುದೂ ಇಲ್ಲ.

ಅಂಗವೈಕಲ್ಯ ವೇತನ ಪಡೆಯುತ್ತಿರುವವರು ಮೂರು ದಿನಾಂಕಗಳನ್ನು ಈಗಲೇ ಬರೆದಿಟ್ಟುಕೊಳ್ಳಬೇಕು: 65 ತುಂಬುವ ದಿನ, ಪೂರ್ಣ ನಿವೃತ್ತಿ ವಯಸ್ಸಿನ ತಿಂಗಳು, ಖಾಸಗಿ ವಿಮೆ ಮುಗಿಯುವ ದಿನ. ಸರ್ಕಾರದ ವೇತನದ ಬದಲಾವಣೆಯನ್ನು ಇಲಾಖೆಯೇ ನೋಡಿಕೊಳ್ಳುತ್ತದೆ. ಉಳಿದವನ್ನು ಮನೆಯವರೇ ನೆನಪಿಟ್ಟು ಮಾಡಿಕೊಳ್ಳಬೇಕು.