ದೀಪ್ತಿಯ ಹಳೆಯ ಏಕಮಾನಗಳು ಮತ್ತು ಅವುಗಳ ಪರಿವರ್ತನೆ

ದೃಷ್ಟಿವಿಜ್ಞಾನವನ್ನಾಗಲಿ, ದೀಪಗಳ ಮಾಪನವನ್ನಾಗಲಿ ಕುರಿತ ಹಳೆಯ ಪ್ರಬಂಧಗಳನ್ನು ತೆರೆದ ವಿದ್ಯಾರ್ಥಿಗೆ ಲ್ಯಾಂಬರ್ಟ್, ಫುಟ್-ಲ್ಯಾಂಬರ್ಟ್, ಸ್ಟಿಲ್ಬ್, ಅಪೋಸ್ಟಿಲ್ಬ್ ಮುಂತಾದ ಹೆಸರುಗಳು ಎದುರಾಗುತ್ತವೆ. ಕೋಷ್ಟಕವೊಂದನ್ನು ನೋಡಿ ಗುಣಿಸಿಬಿಟ್ಟರೆ ಕೆಲಸ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಕೋಷ್ಟಕ ಹೇಳದೆ ಬಿಡುವ ಸಂಗತಿಗಳೂ ಕೆಲವಿವೆ. ಪ್ರಸ್ತುತ ಲೇಖನದಲ್ಲಿ ನಾವು ಮುಖ್ಯವಾಗಿ ಅವನ್ನೇ ವಿವರಿಸುತ್ತೇವೆ.

ಲೂಮಿನೆನ್ಸ್ ಎಂಬುದನ್ನು ಇಲ್ಲಿ ದೀಪ್ತಿ ಎಂದು ಕರೆಯೋಣ. ನೋಡುವವನಿಗೆ ಕಾಣುವ ವಿಸ್ತೀರ್ಣದ ಒಂದು ಮಾನಕ್ಕೆ ಎಷ್ಟು ತೀವ್ರತೆಯ ಬೆಳಕು ಅವನ ದಿಕ್ಕಿಗೆ ಬರುತ್ತದೆಯೋ ಅದೇ ಆ ಮೇಲ್ಮೈಯ ದೀಪ್ತಿ. ಇಂದಿನ ಏಕಮಾನ ಚದರ ಮೀಟರಿಗೆ ಒಂದು ಕ್ಯಾಂಡೆಲ. ಇದಕ್ಕೆ ನಿಟ್ ಎಂಬ ಹೆಸರೂ ಬಳಕೆಯಲ್ಲಿದೆ. ಸ್ಟಿಲ್ಬ್ ಎಂದರೆ ಚದರ ಸೆಂಟಿಮೀಟರಿಗೆ ಒಂದು ಕ್ಯಾಂಡೆಲ, ಅಂದರೆ 10,000 ನಿಟ್. ಇದರಲ್ಲಿ ತೊಡಕೇನೂ ಇಲ್ಲ.

ತೊಡಕು ಹುಟ್ಟುವುದು ಎರಡನೆಯ ಗುಂಪಿನಲ್ಲಿ. ಅಪೋಸ್ಟಿಲ್ಬ್, ಲ್ಯಾಂಬರ್ಟ್, ಫುಟ್-ಲ್ಯಾಂಬರ್ಟ್ ಈ ಮೂರರ ವ್ಯಾಖ್ಯೆಯಲ್ಲಿಯೂ 'ಪೈ' ಎಂಬ ಸಂಖ್ಯೆ ಛೇದವಾಗಿ ಸೇರಿದೆ. ಒಂದು ಅಪೋಸ್ಟಿಲ್ಬ್ 0.3183 ನಿಟ್, ಒಂದು ಲ್ಯಾಂಬರ್ಟ್ 3183 ನಿಟ್, ಒಂದು ಫುಟ್-ಲ್ಯಾಂಬರ್ಟ್ 3.426 ನಿಟ್. ಚದರ ಅಡಿಗೆ ಒಂದು ಕ್ಯಾಂಡೆಲ ಎಂಬುದಾದರೋ 10.76 ನಿಟ್. ಫುಟ್-ಲ್ಯಾಂಬರ್ಟನ್ನೂ ಇದನ್ನೂ ಒಂದೇ ಎಂದು ಭಾವಿಸಿದವರ ಉತ್ತರ ಮೂರು ಪಟ್ಟಿಗಿಂತ ಹೆಚ್ಚು ತಪ್ಪುತ್ತದೆ.

ಈ 'ಪೈ' ಎಲ್ಲಿಂದ ಬಂದಿತು? 1760ರಲ್ಲಿ 'ಫೋಟೊಮೆಟ್ರಿಯ' ಗ್ರಂಥವನ್ನು ಪ್ರಕಟಿಸಿದ ಲ್ಯಾಂಬರ್ಟನ ಹೆಸರಿನ ಕೊಸೈನ್ ನಿಯಮವನ್ನು ಅನುಸರಿಸುವ ಮೇಲ್ಮೈಯು ಯಾವ ದಿಕ್ಕಿನಿಂದ ನೋಡಿದರೂ ಒಂದೇ ದೀಪ್ತಿಯುಳ್ಳದ್ದಾಗಿ ಕಾಣುತ್ತದೆ. ಅಂಥ ಮೇಲ್ಮೈಯ ಪ್ರತಿ ಚದರ ಮೀಟರು ಹೊರಸೂಸುವ ಒಟ್ಟು ಬೆಳಕು, ಅದರ ದೀಪ್ತಿಯ 'ಪೈ'ಯಷ್ಟು ಪಟ್ಟು. ಆದುದರಿಂದ ವ್ಯಾಖ್ಯೆಯಲ್ಲಿಯೇ 'ಪೈ'ಯನ್ನು ಅಡಗಿಸಿಟ್ಟರೆ ಲೆಕ್ಕ ಸುಲಭವಾಗುತ್ತದೆ. ಬೀಳುವ ಬೆಳಕಿನ ಶೇಕಡ 70ನ್ನು ಚದರಿಸುವ ಗೋಡೆಯ ಮೇಲೆ 20 ಫುಟ್-ಕ್ಯಾಂಡಲ್ ಬೆಳಕು ಬಿದ್ದರೆ ಅದರ ದೀಪ್ತಿ 14 ಫುಟ್-ಲ್ಯಾಂಬರ್ಟ್, ಅಂದರೆ 48 ನಿಟ್. (ಡಿಜಿಟಲ್ ಚಿತ್ರಮಂದಿರದ ಪರದೆಗೆ ವಿಧಿಸಿರುವ ಮಟ್ಟವೂ ಇದೇ.) ಎಂಜಿನಿಯರುಗಳು ಈ ಏಕಮಾನವನ್ನು ಬಿಡಲು ಏಕೆ ಹಿಂಜರಿದರೆಂಬುದು ಇದರಿಂದ ತಿಳಿಯುತ್ತದೆ. ಆದರೆ ಬೆಳ್ಳಿಲೇಪದ ಪರದೆಗೆ ಈ ಸುಲಭ ಗುಣಾಕಾರ ಸಲ್ಲದು. ಅದು ಎದುರಿಗೆ ಹೆಚ್ಚಾಗಿಯೂ ಪಕ್ಕಕ್ಕೆ ಕಡಮೆಯಾಗಿಯೂ ಬೆಳಕನ್ನು ಕಳುಹಿಸುತ್ತದೆ. ಫುಟ್-ಲ್ಯಾಂಬರ್ಟಿನಿಂದ ನಿಟ್‌ಗೆ ಪರಿವರ್ತನೆ ಅಲ್ಲಿಯೂ ಸರಿಯೇ. ತಪ್ಪುವುದು ಬಿದ್ದ ಬೆಳಕಿನಿಂದ ದೀಪ್ತಿಯನ್ನು ಊಹಿಸುವುದು.

ಇನ್ನು ಕ್ಯಾಂಡಲಿನ ಪ್ರಶ್ನೆ. 1909ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಅಮೆರಿಕ ಅಂತರರಾಷ್ಟ್ರೀಯ ಕ್ಯಾಂಡಲನ್ನು ಒಪ್ಪಿಕೊಂಡವು. ಜರ್ಮನಿಯು 1884ರಲ್ಲಿ ಹೆಫ್ನರ್-ಆಲ್ಟೆನೆಕ್ ಸೂಚಿಸಿದ, ಅಮೈಲ್ ಅಸಿಟೇಟ್ ಉರಿಸುವ, 40 ಮಿಲಿಮೀಟರು ಎತ್ತರದ ಜ್ವಾಲೆಯ ದೀಪವನ್ನೇ ಉಳಿಸಿಕೊಂಡಿತು. 1948ರಲ್ಲಿ ಜಾರಿಗೆ ಬಂದ ಕ್ಯಾಂಡೆಲದ ಪ್ರಕಾರ, ಪ್ಲಾಟಿನಮ್ ಘನೀಭವಿಸುವ ಉಷ್ಣತೆಯಲ್ಲಿರುವ ಕೃಷ್ಣಕಾಯದ ದೀಪ್ತಿ ಚದರ ಸೆಂಟಿಮೀಟರಿಗೆ 60 ಕ್ಯಾಂಡೆಲ. ಹಳೆಯ ಅಂತರರಾಷ್ಟ್ರೀಯ ಕ್ಯಾಂಡಲಿನಲ್ಲಿ ಅದು ಸುಮಾರು 58.9 ಆಗಿತ್ತು. ಹೀಗಾಗಿ ಹಳೆಯದು ಹೊಸದಕ್ಕಿಂತ ಸುಮಾರು ಶೇಕಡ 2 ದೊಡ್ಡದು. 1979ರಲ್ಲಿ ವ್ಯಾಖ್ಯೆ ಮತ್ತೆ ಬದಲಾದರೂ ಅಳತೆಯ ಗಾತ್ರವನ್ನು ಹಾಗೆಯೇ ಕಾಪಾಡಿಕೊಳ್ಳಲಾಯಿತು.

ಹೆಫ್ನರ್ ಮಾನಕ್ಕೆ ಒಂದೇ ಗುಣಕವಿಲ್ಲವೆಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. ಕೆಂಪು ಛಾಯೆಯ ಬೆಳಕಿಗೆ ಅದು ಸುಮಾರು 0.90 ಕ್ಯಾಂಡೆಲ; ಟಂಗ್‌ಸ್ಟನ್ ದೀಪದ ಬಿಳುಪು ಹೆಚ್ಚಿದ ಬೆಳಕಿಗೆ ಸುಮಾರು 0.92. ಪ್ರಬಂಧದಲ್ಲಿ ದೀಪದ ಬಣ್ಣವನ್ನು ಹೇಳದಿದ್ದರೆ ಮೂರನೆಯ ದಶಮಾಂಶದವರೆಗೆ ಪರಿವರ್ತಿಸುವುದು ವ್ಯರ್ಥ.

ಹಳೆಯ ಏಕಮಾನವೊಂದು ಇಂದಿಗೂ ಜೀವಂತವಾಗಿರುವ ಸ್ಥಳ ಕಣ್ಣಿನ ಆಸ್ಪತ್ರೆ. ದೃಷ್ಟಿಕ್ಷೇತ್ರವನ್ನು ಅಳೆಯುವ ಗೋಲ್ಡ್‌ಮನ್ ಉಪಕರಣದ ಹಿನ್ನೆಲೆ 31.5 ಅಪೋಸ್ಟಿಲ್ಬ್, ಅಂದರೆ 10 ನಿಟ್. ಪರೀಕ್ಷಾಬಿಂದುವಿನ ಅತ್ಯಧಿಕ ದೀಪ್ತಿ ಅದರಲ್ಲಿ 1000 ಅಪೋಸ್ಟಿಲ್ಬ್. ಹಂಫ್ರಿ ಉಪಕರಣದಲ್ಲಿ 10,000. ಹಂಫ್ರಿಯಲ್ಲಿ ಫಲಿತಾಂಶವನ್ನು ಬರೆಯುವುದು ಈ ಅತ್ಯಧಿಕದಿಂದ ಎಷ್ಟು ಡೆಸಿಬೆಲ್ ತಗ್ಗಿಸಲಾಯಿತೆಂದು. ಪ್ರತಿ 10 ಡೆಸಿಬೆಲ್‌ಗೆ ದೀಪ್ತಿ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗಿರಲಾಗಿ 20 ಡೆಸಿಬೆಲ್ ಎಂದರೆ ಅದರಲ್ಲಿ 100 ಅಪೋಸ್ಟಿಲ್ಬ್; 1000 ಅಪೋಸ್ಟಿಲ್ಬ್ ಮಿತಿಯ ಉಪಕರಣದಲ್ಲಿ ಅದೇ ಅಂಕ 10 ಅಪೋಸ್ಟಿಲ್ಬ್ ಮಾತ್ರ. ಗ್ಲಾಕೋಮ ರೋಗಿಯೊಬ್ಬನ ಎರಡು ವರದಿಗಳು ಎರಡು ಉಪಕರಣಗಳಿಂದ ಬಂದಿದ್ದರೆ, ಅಂಕಗಳನ್ನು ಹಾಗೆಯೇ ಹೋಲಿಸಿದವರಿಗೆ ಇಲ್ಲದ ದೃಷ್ಟಿನಾಶ ಕಂಡೀತು, ಇರುವುದು ಮರೆಯಾದೀತು.

ಬಹು ಮಂದವಾದ ಬೆಳಕಿನ ಅಳತೆಗಳಿಗೆ ಮಾತ್ರ ಗುಣಕವನ್ನು ಕೊಡಲು ನಾವು ಹಿಂಜರಿಯುತ್ತೇವೆ. ಹಗಲಿನ ದೃಷ್ಟಿಯ ಪ್ರಮಾಣವಕ್ರ 1924ರಲ್ಲಿಯೂ ಕತ್ತಲ ದೃಷ್ಟಿಯದು 1951ರಲ್ಲಿಯೂ ಅಂಗೀಕೃತವಾದವು. ಮೊದಲನೆಯದರ ಶಿಖರ 555 ನ್ಯಾನೊಮೀಟರು, ಎರಡನೆಯದು 507. 1951ಕ್ಕೆ ಹಿಂದಿನ ಮಂದಬೆಳಕಿನ ಪ್ರಯೋಗದಲ್ಲಿ ಬೆಳಕು ನೀಲಿಯೋ ಕೆಂಪೋ ಎಂದು ಬರೆದಿಲ್ಲದಿದ್ದರೆ, ಅಲ್ಲಿನ ಮಿಲಿಲ್ಯಾಂಬರ್ಟುಗಳನ್ನು ಮೂಲದಲ್ಲಿದ್ದಂತೆಯೇ ಉದ್ಧರಿಸುವುದು ಲೇಸು.