ಹೀಬ್ರೂ ಕಲಿತವರು ಕಟ್ಟಿದ ಕನ್ನಡ ಕೋಶ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಮಾತಿಗೆ ನಿಘಂಟಿನಲ್ಲಿ ಸ್ಥಾನವುಂಟೇ? ಉಂಟೆಂದು ನೂರು ವರ್ಷಗಳಿಗೂ ಹಿಂದೆಯೇ ತೋರಿಸಿದವರಲ್ಲಿ ಜರ್ಮನಿಯ ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲ್ ಪ್ರಮುಖರು.

1832ರಲ್ಲಿ ಹುಟ್ಟಿದ ಅವರು ಶಾಲೆಯಲ್ಲೇ ಹೀಬ್ರೂ, ಗ್ರೀಕ್, ಲ್ಯಾಟಿನ್ ಕಲಿತು, ಬಾಸೆಲ್ ಮಿಷನ್ನಿನಲ್ಲಿ ದೇವತಾಶಾಸ್ತ್ರ ಓದಿ, 1853ರಲ್ಲಿ ಧರ್ಮಪ್ರಚಾರಕ್ಕಾಗಿ ಭಾರತಕ್ಕೆ ಬಂದರು. ಧರ್ಮಗ್ರಂಥವನ್ನು ಮೂಲ ಭಾಷೆಯಲ್ಲೇ ಪದ ಪದ ಬಿಡಿಸಿ ಓದುವ ಶಿಸ್ತು ಅವರದು. ಅದೇ ಶಿಸ್ತನ್ನು ಕನ್ನಡಕ್ಕೂ ತಂದರು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿ ಹೊರತಂದರು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಹಳಗನ್ನಡ ಕವಿಗಳ ಪ್ರಯೋಗದ ಪಕ್ಕದಲ್ಲೇ ಗಾದೆ, ಆಡುಮಾತು ಕುಳಿತಿವೆ. ಮೈಸೂರು ಸೀಮೆಯ ಬಳಕೆಗೆ ಪ್ರತ್ಯೇಕ ಗುರುತೇ ಇದೆ. ತಮಿಳು, ತೆಲುಗು ಮೊದಲಾದ ಸೋದರ ನುಡಿಗಳ ರೂಪಗಳನ್ನೂ ಜೋಡಿಸಿಟ್ಟಿದ್ದಾರೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅಲ್ಲೇ ತೀರಿಕೊಂಡರು.

ಮಂಡ್ಯ ಸೀಮೆಯವರಿಗೆ ಚಿರಪರಿಚಿತವಾದ, ಕಬ್ಬು ಅರೆಯುವ ‘ಆಲೆ’ಯೂ ಆ ಕೋಶದಲ್ಲಿದೆ. ಆಲೆಮನೆಗಳು ಕಡಿಮೆಯಾದಂತೆ ಅಲ್ಲಿನ ಮಾತೂ ಮರೆಯಾಗುತ್ತದೆ. ಪರದೇಶದಿಂದ ಬಂದವರು ಕಿವಿಗೊಟ್ಟು ಬರೆದಿಟ್ಟರು. ಹಿರಿಯರ ಬಾಯಲ್ಲಿ ಉಳಿದಿರುವ ಮಾತನ್ನು ಬರೆದಿಡುವ ಕೆಲಸ ಈಗ ನಮ್ಮದು.