ತುಂಬು ಗರ್ಭಿಣಿಗೆ ನೋವಿನ ಗುಳಿಗೆ: ಕೊಡುವ ಮುನ್ನ ಹೆಸರು ಓದಿ



ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ನಮ್ಮ ಮನೆಗಳಿಗೆ ರಾಯಚೂರು, ಯಾದಗಿರಿಯಿಂದ ಹೆಣ್ಣುಮಕ್ಕಳು ಕುಬಸ ಮುಗಿಸಿಕೊಂಡು ಬಾಣಂತನಕ್ಕೆ ತವರಿಗೆ ಬರುತ್ತಾರೆ. ಏಳೆಂಟು ತಿಂಗಳಾದಾಗ ಸೊಂಟ ನೋವೋ ಹಲ್ಲು ನೋವೋ ಇದ್ದದ್ದೇ. ಮನೆಯ ಡಬ್ಬಿಯಲ್ಲಿ ಅಜ್ಜನ ಮೊಣಕಾಲು ನೋವಿಗೆ ತಂದ ಗುಳಿಗೆ ಇರುತ್ತದೆ. 'ಒಂದು ನುಂಗವ್ವ, ಏನೂ ಆಗೋದಿಲ್ಲ' ಎಂದು ಕೊಟ್ಟುಬಿಡುತ್ತೇವೆ. ಪ್ರೀತಿಯಿಂದ ಕೊಟ್ಟರೂ ಅದು ತಪ್ಪು.

ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್, ನಿಮೆಸುಲೈಡ್ ಎಲ್ಲವೂ ಒಂದೇ ಗುಂಪಿನವು. ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ದೇಹದಲ್ಲಿ ಹುಟ್ಟದಂತೆ ತಡೆದು ಇವು ನೋವು ಇಳಿಸುತ್ತವೆ. ಹೊಟ್ಟೆಯೊಳಗಿನ ಕೂಸಿಗೆ ಆ ವಸ್ತುವೇ ಬೇಕು. ಕೂಸು ಅಲ್ಲಿ ಉಸಿರಾಡುವುದಿಲ್ಲ, ಪ್ರಾಣವಾಯು ತಾಯಿಯ ರಕ್ತದಿಂದ ಬರುತ್ತದೆ. ಹಾಗಾಗಿ ಅದರ ರಕ್ತದ ಹೆಚ್ಚಿನ ಪಾಲು ಶ್ವಾಸಕೋಶಕ್ಕೆ ಹೋಗದೆ, ಹೃದಯದ ಬಳಿಯ ಸಣ್ಣ ನಾಳವೊಂದರಿಂದ ನೇರ ಮೈಗೆ ಹರಿಯುತ್ತದೆ. ಹುಟ್ಟಿದ ಮೇಲೆ ಎರಡು ಮೂರು ದಿನಗಳಲ್ಲಿ ಆ ನಾಳ ತಾನೇ ಮುಚ್ಚಬೇಕು. ಏಳು ತಿಂಗಳು ಹತ್ತಿರವಾದ ಮೇಲೆ ಈ ಗುಳಿಗೆ ನುಂಗಿದರೆ ಅದು ಹೊಟ್ಟೆಯಲ್ಲೇ ಕಿರಿದಾಗಬಹುದು, ಮುಚ್ಚಲೂಬಹುದು. ಆಗ ಭಾರವೆಲ್ಲ ಕೂಸಿನ ಹೃದಯದ ಮೇಲೆ.

ಇನ್ನೊಂದು ಅಪಾಯ ಅದಕ್ಕೂ ಮೊದಲೇ ಶುರುವಾಗುತ್ತದೆ. ಕೂಸಿನ ಸುತ್ತಲಿನ ನೀರು ಐದು ತಿಂಗಳ ನಂತರ ಬಹುಪಾಲು ಅದರ ಮೂತ್ರವೇ. ಗುಳಿಗೆ ಕೂಸಿನ ಮೂತ್ರಪಿಂಡವನ್ನು ಕುಗ್ಗಿಸಿದರೆ ಆ ನೀರು ಇಳಿಯುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2020ರ ಅಕ್ಟೋಬರ್‌ನಲ್ಲಿ, 20 ವಾರ ದಾಟಿದವರು ಇವನ್ನು ತೆಗೆದುಕೊಳ್ಳಬಾರದೆಂದು ಎಚ್ಚರಿಸಿದ್ದು ಈ ಕಾರಣಕ್ಕೇ. ಗುಳಿಗೆ ನಿಲ್ಲಿಸಿದರೆ ಸಾಮಾನ್ಯವಾಗಿ ನೀರು ಮತ್ತೆ ತುಂಬಿಕೊಳ್ಳುತ್ತದೆ. ಆದ್ದರಿಂದ ತಿಳಿಯದೆ ಒಂದು ನುಂಗಿದವರು ಗಾಬರಿಯಾಗದೆ ಡಾಕ್ಟರಿಗೆ ಹೇಳಿರಿ, ಮುಚ್ಚಿಡಬೇಡಿ.

ತೊಡಕಿರುವುದು ಹೆಸರಿನಲ್ಲಿ. ಕಾಂಬಿಫ್ಲಾಮ್ ಎಂದು ಕೇಳಿ ತಂದರೆ ಅದರೊಳಗೆ ಪ್ಯಾರಾಸಿಟಮಾಲ್ ಜೊತೆ 400 ಮಿಲಿಗ್ರಾಂ ಐಬುಪ್ರೊಫೆನ್ ಇದೆ. ಹೊಟ್ಟೆ ನೋವಿನ ಮೆಫ್ಟಾಲ್‌ನಲ್ಲಿ ಮೆಫೆನಾಮಿಕ್ ಆಸಿಡ್. ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಇಂಗ್ಲಿಷಿನಲ್ಲಿರುತ್ತದೆ, ಅಂಗಡಿಯವರು ತೆಲುಗಿನಲ್ಲಿ ಹೇಳುತ್ತಾರೆ, ಮನೆಯ ಅಜ್ಜಿಗೆ ಬರುವುದು ಕನ್ನಡ. ಕಡತದ ಸಣ್ಣ ಅಕ್ಷರ ಓದುತ್ತಲೇ ನೌಕರಿ ಮುಗಿಸಿದ ನಮಗೂ ಕನ್ನಡಕ ಸಾಲದು. ಓದುವ ಮಕ್ಕಳ ಕೈಗೆ ಕೊಟ್ಟು ಓದಿಸಿರಿ. 'ಗರ್ಭಿಣಿಗೆ, ಇಷ್ಟನೇ ತಿಂಗಳು' ಎಂದು ಅಂಗಡಿಯಲ್ಲಿ ಮೊದಲೇ ಹೇಳಿರಿ. ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಮುಲಾಮನ್ನೂ ಕೇಳದೆ ಹಚ್ಚಬೇಡಿ.

ಹಾಗೆಂದು ನೋವು ತಿನ್ನುತ್ತಾ ಕೂರಬೇಕಿಲ್ಲ. ಇಂಥ ಸಮಯದಲ್ಲಿ ಡಾಕ್ಟರು ಸಾಮಾನ್ಯವಾಗಿ ಬರೆದುಕೊಡುವುದು ಪ್ಯಾರಾಸಿಟಮಾಲ್, ಅದೂ ಅವರು ಹೇಳಿದಷ್ಟೇ. ಬಿ.ಪಿ. ಏರದಿರಲೆಂದು ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದುಕೊಟ್ಟಿದ್ದರೆ ಈ ಲೇಖನ ಓದಿ ಅದನ್ನು ನಿಲ್ಲಿಸಬೇಡಿ, ಅದರ ಲೆಕ್ಕ ಬೇರೆ. ತಲೆನೋವು ಜೋರಾಗಿ, ಕಣ್ಣು ಮಂಜಾಗಿ, ಮುಖ ಊದಿಕೊಂಡಿದ್ದರೆ ಯಾವ ಗುಳಿಗೆಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಫೋನ್ ಮಾಡಿರಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಉಚಿತ ತಪಾಸಣೆ ಇರುತ್ತದೆ. ತವರಿಗೆ ಬಂದವರೂ ತಾಯಿ ಕಾರ್ಡು ಹಿಡಿದು ಹೋಗಿರಿ, ಮನೆಯಲ್ಲಿರುವ ಗುಳಿಗೆ ಪಟ್ಟಿಗಳನ್ನೂ ಚೀಲದಲ್ಲಿ ಹಾಕಿಕೊಂಡು ತೋರಿಸಿರಿ.

– ಕಾರ್ಯದರ್ಶಿ